ಮೂವತ್ತು ದಾಟಿದವರ ಹದಿಹರೆಯದ ಜಾತ್ರೆ

2022ರ ಅಕ್ಟೋಬರ್ 22, ಶನಿವಾರ. ಅಮೆರಿಕದ ಲಾಸ್ ವೇಗಾಸ್ ನಗರಕ್ಕೆ ದೇಶದ ಮೂಲೆಮೂಲೆಗಳಿಂದ, ಹೊರದೇಶಗಳಿಂದಲೂ ಬಂದಿಳಿದಿದ್ದ ಸಾವಿರಾರು ಮಂದಿ ಬೆಳಿಗ್ಗೆ ಎದ್ದು ವೇಷ ಕಟ್ಟಿಕೊಂಡರು. ಕಪ್ಪು ಟೀ ಶರ್ಟು, ಕಾಲಿಗೆ ಅಂಟಿಕೊಂಡ ಜೀನ್ಸು, ಲೋಹದ ಗುಬಟು ಬಡಿದ ಬೆಲ್ಟು, ಕಪ್ಪು ಬಿಳುಪು ಚೌಕಳಿಯ ಬೂಟು. ಗಂಡಸರು ಹೆಂಗಸರೆನ್ನದೆ ಕಣ್ಣಿಗೆ ಕಾಡಿಗೆ. ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಯಾವ ಹೈಸ್ಕೂಲಿನ ಅಂಗಳದಲ್ಲಾದರೂ ಕಾಣುತ್ತಿದ್ದ ವೇಷ ಇದು. ಈಗ ಅದನ್ನು ತೊಟ್ಟವರಲ್ಲಿ ಬಹಳಷ್ಟು ಜನ ಮೂವತ್ತರ ಆಸುಪಾಸಿನವರು; ನೌಕರಿ, ಸಾಲದ ಕಂತು, ಎಳೆಯ ಮಕ್ಕಳು ಎಲ್ಲ ಇರುವವರು. ಮೈದಾನದ ಬಾಗಿಲು ತೆರೆಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಸಂಘಟಕರ ಪ್ರಕಟಣೆ ಹೊರಬಿತ್ತು. ಹವಾಮಾನ ಇಲಾಖೆ ಬಿರುಗಾಳಿಯ ಮುನ್ನೆಚ್ಚರಿಕೆ ಕೊಟ್ಟಿದೆ, ಇಂದಿನ ಕಾರ್ಯಕ್ರಮ ರದ್ದು.

ಗಾಳಿಗೆ ಹೆದರಿ ಹಾಡುವುದನ್ನು ನಿಲ್ಲಿಸುವುದೇ ಎಂದು ಕೇಳಬಹುದು. 2011ರ ಆಗಸ್ಟ್‌ನಲ್ಲಿ ಇಂಡಿಯಾನಾ ರಾಜ್ಯದ ಜಾತ್ರೆಯೊಂದರಲ್ಲಿ ಬಿರುಗಾಳಿಗೆ ವೇದಿಕೆಯ ಮೇಲ್ಕಟ್ಟು ಕುಸಿದು 7 ಜನ ಸತ್ತಿದ್ದರು. ಲಾಸ್ ವೇಗಾಸ್‌ನ ಉತ್ಸವ ನಡೆಸುತ್ತಿದ್ದ ಲೈವ್ ನೇಷನ್ ಕಂಪನಿಗೆ ಇನ್ನೂ ಹತ್ತಿರದ ನೆನಪೊಂದಿತ್ತು. ಅದೇ ಕಂಪನಿ ಹಿಂದಿನ ವರ್ಷದ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ನಡೆಸಿದ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 10 ಮಂದಿ ಪ್ರಾಣ ಕಳೆದುಕೊಂಡಿದ್ದರು. ಟಿಕೆಟ್ಟಿನ ಹಣ ಮರಳಿಸುವುದಾಗಿ ಹೇಳಿದರು. ವಿಮಾನದ ದುಡ್ಡು, ಹೋಟೆಲಿನ ದುಡ್ಡು, ಹಾಕಿದ ರಜೆ ಇವು ಮರಳುವಂಥವಲ್ಲ. ಅಂದು ಸಂಜೆ ಕೆಲವು ತಂಡಗಳು ಊರಿನ ಸಣ್ಣಪುಟ್ಟ ಸಭಾಂಗಣಗಳನ್ನು ಹಿಡಿದು, ಸಿಕ್ಕಷ್ಟು ಜನರ ಮುಂದೆ ತಾವಾಗಿಯೇ ಹಾಡಿದವು. ಈ ಸಂಗೀತ ಹುಟ್ಟಿದ್ದು ಅಂಥ ಇಕ್ಕಟ್ಟು ಕೋಣೆಗಳಲ್ಲೇ ಎಂಬುದನ್ನು ನೆನೆದರೆ, ಗಾಳಿ ಮಾಡಿದ ಉಪಕಾರ ಸಣ್ಣದಲ್ಲ ಎನ್ನಬೇಕು.

ಉತ್ಸವದ ಹೆಸರು 'ವೆನ್ ವಿ ವರ್ ಯಂಗ್', ಅಂದರೆ 'ನಾವು ಹುಡುಗರಾಗಿದ್ದಾಗ'. 2022ರ ಜನವರಿಯಲ್ಲಿ ಇದರ ಭಿತ್ತಿಪತ್ರ ಹೊರಬಂದಾಗ ಅನೇಕರು ಇದೊಂದು ಮೋಸವಿರಬೇಕು ಎಂದುಕೊಂಡರು. ಮೈ ಕೆಮಿಕಲ್ ರೊಮ್ಯಾನ್ಸ್, ಪ್ಯಾರಾಮೋರ್, ಜಿಮ್ಮಿ ಈಟ್ ವರ್ಲ್ಡ್, ಡ್ಯಾಶ್‌ಬೋರ್ಡ್ ಕನ್‌ಫೆಷನಲ್, ಟೇಕಿಂಗ್ ಬ್ಯಾಕ್ ಸಂಡೇ, ಆವ್ರಿಲ್ ಲವೀನ್ ಹೀಗೆ 60ಕ್ಕೂ ಹೆಚ್ಚು ಹೆಸರು, ಎಲ್ಲವೂ ಒಂದೇ ದಿನ. 2017ರಲ್ಲಿ ಬಹಾಮಾಸ್ ದ್ವೀಪವೊಂದರಲ್ಲಿ ಫೈರ್ ಫೆಸ್ಟಿವಲ್ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡ ಮಾತಾಡಿ ಟಿಕೆಟ್ ಮಾರಿ, ಬಂದವರಿಗೆ ಮಳೆಯಲ್ಲಿ ನೆನೆದ ಗುಡಾರಗಳನ್ನು ತೋರಿಸಿದ ಪ್ರಸಂಗ ಜನ ಮರೆತಿರಲಿಲ್ಲ. ಅನುಮಾನವಿದ್ದರೂ ಟಿಕೆಟ್ ಖಾಲಿಯಾಯಿತು. ಸುಮಾರು 225 ಡಾಲರ್‌ನಿಂದ ಶುರುವಾಗುತ್ತಿದ್ದ ಬೆಲೆ ಯಾರಿಗೂ ಅಡ್ಡಿಯಾಗಲಿಲ್ಲ. ಬೇಡಿಕೆ ತಡೆಯಲಾರದೆ ಇದೇ ಕಾರ್ಯಕ್ರಮವನ್ನು ಇನ್ನೂ ಎರಡು ದಿನ ನಡೆಸುವುದಾಗಿ ಸಂಘಟಕರು ಸಾರಬೇಕಾಯಿತು.

ಈ ತಂಡಗಳ ಸಂಗೀತಕ್ಕೆ ಎರಡು ಹೆಸರುಗಳಿವೆ. ಒಂದು ಪಾಪ್-ಪಂಕ್, ಇನ್ನೊಂದು ಎಮೋ. ಮೊದಲನೆಯದು ಅರ್ಥವಾಗಲು ಕಷ್ಟವಿಲ್ಲ. 1970ರ ದಶಕದ ನಡುವೆ ನ್ಯೂಯಾರ್ಕಿನ ರಮೋನ್ಸ್ ತಂಡ ಮೂರು ಸ್ವರಮೇಳಗಳ, ಎರಡು ನಿಮಿಷಗಳ, ಉಸಿರು ಬಿಗಿಹಿಡಿದು ಓಡುವ ಹಾಡುಗಳನ್ನು ಕಟ್ಟಿತು. ಪಂಕ್ ಎಂಬ ಒರಟು ಸಂಗೀತದೊಳಗೆ ನಾಲಿಗೆಗೆ ಸಿಗುವ ಧಾಟಿಯನ್ನು ಬೆರೆಸುವ ಈ ಹದವೇ ಪಾಪ್-ಪಂಕ್. ಎಮೋ ಕಥೆ ಹೆಚ್ಚು ತೊಡಕಿನದು. ಎಮೋಷನಲ್ ಎಂಬ ಮಾತಿನ ತುಂಡು ಅದು. ನಾವು ಭಾವಗೀತೆ ಎಂದಾಗ ಆ ಹೆಸರಿನಲ್ಲಿ ಗೌರವವಿದೆ. ಎಮೋ ಎಂದು ಕರೆದವರು ಗೌರವಕ್ಕೆ ಕರೆದದ್ದಲ್ಲ. ಅದೊಂದು ಅಡ್ಡಹೆಸರು, ಕೊಂಚ ಬೈಗುಳವೂ ಹೌದು. ತಮ್ಮನ್ನು ಎಮೋ ತಂಡ ಎಂದು ಒಪ್ಪಿಕೊಂಡವರು ಬಹಳ ಕಡಿಮೆ. ಮೈ ಕೆಮಿಕಲ್ ರೊಮ್ಯಾನ್ಸ್‌ನ ಗಾಯಕ ಜೆರಾರ್ಡ್ ವೇ ಕೂಡ ಈ ಹಣೆಪಟ್ಟಿಯನ್ನು ಕಟುವಾಗಿಯೇ ತಳ್ಳಿಹಾಕಿದವನು.

ಹೆಸರಿನ ಮೂಲ ಹುಡುಕಿದರೆ ವಾಷಿಂಗ್ಟನ್ ನಗರಕ್ಕೆ, 1985ರ ಬೇಸಿಗೆಗೆ ಹೋಗಬೇಕಾಗುತ್ತದೆ. ಅಲ್ಲಿ ಹಾರ್ಡ್‌ಕೋರ್ ಎಂಬ ಪಂಕ್ ಪ್ರಭೇದ ಬೆಳೆದಿತ್ತು: ಅತಿ ವೇಗ, ಅತಿ ಗದ್ದಲ, ಅತಿ ಸಿಟ್ಟು. ಕೆಲವೇ ವರ್ಷಗಳಲ್ಲಿ ಸಿಟ್ಟು ಹಾಡಿನಿಂದ ಇಳಿದು ಸಭಿಕರ ಮುಷ್ಟಿಗೆ ಬಂತು. ಕಛೇರಿಯೆಂದರೆ ಹೊಡೆದಾಟ ಎಂಬಂತಾಯಿತು. ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಪುಟ್ಟ ಧ್ವನಿಮುದ್ರಣ ಸಂಸ್ಥೆಯನ್ನು 1980ರಲ್ಲಿ ಗೆಳೆಯನೊಡನೆ ಕಟ್ಟಿದ್ದ ಇಯಾನ್ ಮೆಕಾಯ್ ಮತ್ತು ಅವನ ಸುತ್ತಲಿನವರಿಗೆ ಇದು ಸಾಕಾಯಿತು. ಆ ಬೇಸಿಗೆಯ ಹೊತ್ತಿಗೆ ಅವರು ಹೊಸ ತಂಡಗಳನ್ನು ಕಟ್ಟಿದ್ದರು. ಮೆಕಾಯ್‌ನದು ಎಂಬ್ರೇಸ್, ಗೀ ಪಿಚಿಯೊಟ್ಟೊ ಎಂಬ ತರುಣನದು ರೈಟ್ಸ್ ಆಫ್ ಸ್ಪ್ರಿಂಗ್. ವೇಗ ಉಳಿಯಿತು, ಗದ್ದಲ ಉಳಿಯಿತು, ವಿಷಯ ಬದಲಾಯಿತು. ಸರ್ಕಾರವನ್ನೂ ಪೊಲೀಸರನ್ನೂ ಬೈಯುತ್ತಿದ್ದ ಹಾಡುಗಾರ ತನ್ನ ಒಂಟಿತನ, ತನ್ನ ನಾಚಿಕೆ, ಮುರಿದ ಸ್ನೇಹ ಇವುಗಳನ್ನು ಗಂಟಲು ಹರಿಯುವಂತೆ ಕೂಗಿ ಹೇಳತೊಡಗಿದ. ರೈಟ್ಸ್ ಆಫ್ ಸ್ಪ್ರಿಂಗ್ ಬೆರಳೆಣಿಕೆಯಷ್ಟು ಕಛೇರಿ ಮಾಡಿ ಬೇಗನೆ ಒಡೆದುಹೋಯಿತು. ಈ ಬಗೆಗೆ ಎಮೋಕೋರ್ ಎಂಬ ಹೆಸರು ಚಲಾವಣೆಗೆ ಬಂದಾಗ ಮೆಕಾಯ್ ವೇದಿಕೆಯ ಮೇಲೇ ಅದನ್ನು ಗೇಲಿ ಮಾಡಿದ. ಪಂಕ್ ಸಂಗೀತ ಯಾವತ್ತು ಭಾವವಿಲ್ಲದೆ ಇತ್ತು ಎಂಬುದು ಅವನ ಪ್ರಶ್ನೆ.

ಅಂತರಂಗ ತೋಡಿಕೊಂಡವರೆಂದ ಮಾತ್ರಕ್ಕೆ ಹೊರಜಗತ್ತಿಗೆ ಬೆನ್ನು ತಿರುಗಿಸಿದವರಲ್ಲ. ಅದೇ ಬೇಸಿಗೆಯಲ್ಲಿ ಈ ಹುಡುಗರು ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿಯ ಎದುರು ನಿಂತು, ವರ್ಣಭೇದ ನೀತಿಯನ್ನು ವಿರೋಧಿಸಿ ಡ್ರಮ್ಮು, ಡಬ್ಬ ಏನು ಸಿಕ್ಕಿತೋ ಅದನ್ನು ಬಡಿದರು. ಮುಂದೆ ಮೆಕಾಯ್ ಮತ್ತು ಪಿಚಿಯೊಟ್ಟೊ ಒಂದಾಗಿ ದುಡಿದ ಫ್ಯುಗಾಝಿ ತಂಡ ಎರಡು ನಿಯಮಗಳಿಗೆ ಹೆಸರಾಯಿತು. ಟಿಕೆಟ್ ಸಾಮಾನ್ಯವಾಗಿ 5 ಡಾಲರ್ ಮೀರಕೂಡದು. ಎಳೆಯರೆಂದು ಯಾರನ್ನೂ ಹೊರಗಿಡಕೂಡದು. ಅಮೆರಿಕದಲ್ಲಿ ಸಂಗೀತ ಕಛೇರಿಗಳು ಬಹಳಷ್ಟು ನಡೆಯುವುದು ಮದ್ಯ ಮಾರುವ ಜಾಗಗಳಲ್ಲಿ, ಅಲ್ಲಿ 21 ತುಂಬದವರಿಗೆ ಪ್ರವೇಶವಿಲ್ಲ ಎಂಬುದನ್ನು ನೆನಪಿಟ್ಟರೆ ಎರಡನೆಯ ನಿಯಮದ ಬೆಲೆ ತಿಳಿಯುತ್ತದೆ. ಐದು ಡಾಲರಿನಿಂದ ಇನ್ನೂರಿಪ್ಪತ್ತೈದಕ್ಕೆ, ಅಂದರೆ 45 ಪಟ್ಟು. ಹಣದುಬ್ಬರದ ಲೆಕ್ಕ ಹಿಡಿದು ಒಂದಷ್ಟು ಕಳೆದರೂ ಉಳಿಯುವ ಅಂತರ ದೊಡ್ಡದೇ.

ಇತ್ತ ಪಾಪ್-ಪಂಕ್‌ಗೂ ಇಂಥದೇ ಒಂದು ತವರುಮನೆಯಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗಿಲ್ಮನ್ ಸ್ಟ್ರೀಟ್ 924ನೇ ನಂಬರಿನ ಹಳೆಯ ಗೋದಾಮಿನಂಥ ಕಟ್ಟಡದಲ್ಲಿ 1986ರ ಕೊನೆಯ ರಾತ್ರಿ ಒಂದು ಕೂಟ ಶುರುವಾಯಿತು. ಸ್ವಯಂಸೇವಕರೇ ನಡೆಸುತ್ತಿದ್ದ ಜಾಗ. ಕುಡಿತವಿಲ್ಲ, ಹೊಡೆದಾಟವಿಲ್ಲ, ಹೆಣ್ಣನ್ನಾಗಲಿ ಬೇರೆ ಬಣ್ಣದವರನ್ನಾಗಲಿ ಹಳಿಯುವ ಹಾಡಿಲ್ಲ. ದೊಡ್ಡ ಕಂಪನಿಗಳ ಜೊತೆ ಕರಾರು ಮಾಡಿಕೊಂಡ ತಂಡಕ್ಕೆ ಇಲ್ಲಿ ವೇದಿಕೆಯೂ ಇಲ್ಲ. ಗ್ರೀನ್ ಡೇ ತಂಡ ಬೆಳೆದದ್ದು ಇಲ್ಲಿಯೇ. 1993ರಲ್ಲಿ ಅದು ರಿಪ್ರೀಸ್ ಎಂಬ ದೊಡ್ಡ ಕಂಪನಿಯ ಕರಾರಿಗೆ ಸಹಿ ಹಾಕಿದಾಗ ಗಿಲ್ಮನ್‌ನ ಬಾಗಿಲು ಮುಚ್ಚಿತು. ಮರುವರ್ಷ ಬಂದ ಅದರ 'ಡೂಕಿ' ಧ್ವನಿಮುದ್ರಿಕೆ ಅಮೆರಿಕವೊಂದರಲ್ಲೇ ಕೋಟಿ ಪ್ರತಿಗಳನ್ನು ದಾಟಿತು. ಕೋಟಿ ಜನ ಕೊಂಡ ತಂಡ ತನ್ನ ಹುಟ್ಟಿದ ಮನೆಯಲ್ಲಿ ಹಾಡುವಂತಿರಲಿಲ್ಲ. 2015ರಲ್ಲಿ, ಸಹಾಯಾರ್ಥ ಕಾರ್ಯಕ್ರಮವೊಂದರ ನೆಪದಲ್ಲಿ, ಮತ್ತೆ ಆ ವೇದಿಕೆ ಏರಿತು. ಈ ಗ್ರೀನ್ ಡೇ 2025ರ ಮಾರ್ಚ್‌ನಲ್ಲಿ ಮುಂಬಯಿಗೂ ಬಂದು ಹಾಡಿತು. ಭಾರತದ ಅಭಿಮಾನಿಗಳು ಅದಕ್ಕಾಗಿ ಮೂರು ದಶಕ ಕಾದಿದ್ದರು.

1994ರ ನಂತರದ ಏರಿಕೆಯನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ. ಬ್ಲಿಂಕ್-182 ಬಂತು, ಪೋಲಿ ಹಾಸ್ಯ ಬಂತು, ದೂರದರ್ಶನದ ಎಂಟಿವಿ ಬಂತು. ಎಮೋ ಮಾತ್ರ ಆ ಹೊತ್ತಿನಲ್ಲಿ ಒಳನಾಡಿಗೆ ಸರಿದಿತ್ತು. ಇಲಿನಾಯ್, ವಿಸ್ಕಾನ್ಸಿನ್, ಮಿಸೌರಿಯ ಕಡೆಯ ಕಾಲೇಜು ಊರುಗಳಲ್ಲಿ ಬಾಡಿಗೆ ಮನೆಗಳ ನೆಲಮಾಳಿಗೆಗಳೇ ಅದರ ಸಭಾಂಗಣ. ಅರ್ಬಾನಾ ಎಂಬ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಮೂವರು ಹುಡುಗರು 1999ರಲ್ಲಿ ಒಂದು ಧ್ವನಿಮುದ್ರಿಕೆ ಮಾಡಿ, ಓದು ಮುಗಿಸಿ, ತಮ್ಮ ತಮ್ಮ ದಾರಿ ಹಿಡಿದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಈ ತಂಡದ ಮಾತು ಮುಂದೆ ಬರುತ್ತದೆ.

ಎಮೋ ಬೀದಿಗೆ ಬಂದದ್ದು 2001ರ ನಂತರ. ಅದಕ್ಕೆ ಅಂತರಜಾಲವೂ ಕಾರಣ. 2003ರಲ್ಲಿ ಹುಟ್ಟಿದ ಮೈಸ್ಪೇಸ್ ಎಂಬ ತಾಣದಲ್ಲಿ ಹದಿನೈದರ ಹುಡುಗಿಯೊಬ್ಬಳು ತನ್ನ ಪುಟಕ್ಕೆ ತನಗೆ ಬೇಕಾದ ಹಾಡು ಅಂಟಿಸಬಹುದಿತ್ತು, ತಂಡದವರಿಗೇ ನೇರವಾಗಿ ಕಾಗದ ಹಾಕಬಹುದಿತ್ತು. ಇನ್ನೊಂದು ಕಾರಣ ವಾರ್ಪ್ಡ್ ಟೂರ್. 1995ರಲ್ಲಿ ಕೆವಿನ್ ಲೈಮನ್ ಶುರುಮಾಡಿದ ಈ ಸಂಚಾರಿ ಮೇಳ ನಮ್ಮ ಬಯಲಾಟದ ತಿರುಗಾಟಗಳಂತೆ ಊರಿಂದೂರಿಗೆ ಹೋಗುತ್ತಿತ್ತು. ಬಿರುಬಿಸಿಲು, ಕಾರು ನಿಲ್ಲಿಸುವ ಡಾಂಬರು ಮೈದಾನ, ತಲಾ ಅರ್ಧ ತಾಸಿನಂತೆ ಹಾಡುವ ಹತ್ತಾರು ತಂಡಗಳು. ಯಾರು ಎಷ್ಟು ಹೊತ್ತಿಗೆ ಎಂಬುದು ಆಯಾ ದಿನ ಬೆಳಿಗ್ಗೆ ಗೊತ್ತಾಗುತ್ತಿತ್ತು, ಹಾಗಾಗಿ ಹೆಸರಾಂತ ತಂಡವೂ ಒಮ್ಮೊಮ್ಮೆ ಮಟಮಟ ಮಧ್ಯಾಹ್ನ ಹಾಡಬೇಕಾಗುತ್ತಿತ್ತು. 2018ರವರೆಗೆ ಪ್ರತಿ ಬೇಸಿಗೆ ಇದು ದೇಶ ಸುತ್ತಿತು. ಲಾಸ್ ವೇಗಾಸ್‌ನಲ್ಲಿ ಸೇರಿದವರಲ್ಲಿ ಎಷ್ಟೋ ಮಂದಿಗೆ ಜೀವನದ ಮೊದಲ ಸಂಗೀತ ಕಛೇರಿಯೆಂದರೆ ವಾರ್ಪ್ಡ್ ಟೂರ್.

ಈ ಹಂತದ ದೊಡ್ಡ ಹೆಸರು ಮೈ ಕೆಮಿಕಲ್ ರೊಮ್ಯಾನ್ಸ್. ನ್ಯೂಜೆರ್ಸಿಯ ಜೆರಾರ್ಡ್ ವೇ ವ್ಯಂಗ್ಯಚಿತ್ರ, ಕಾಮಿಕ್ಸ್‌ಗಳ ಲೋಕದಲ್ಲಿ ನೆಲೆಯೂರಲು ನೋಡುತ್ತಿದ್ದ ಹುಡುಗ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿಯುವುದನ್ನು ಕಣ್ಣಾರೆ ಕಂಡು, ಬದುಕಿನಲ್ಲಿ ಏನಾದರೂ ಮಾಡಬೇಕೆಂದು ತಂಡ ಕಟ್ಟಿದ. 2006ರ ಅಕ್ಟೋಬರ್‌ನಲ್ಲಿ ಬಂದ 'ದ ಬ್ಲ್ಯಾಕ್ ಪರೇಡ್' ಒಂದು ಕಥಾನಕ. ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಸಾಯುತ್ತಿರುವ ಒಬ್ಬ ರೋಗಿ. ಅವನನ್ನು ಕರೆದೊಯ್ಯಲು ಸಾವು ಬರುತ್ತದೆ. ಹೇಗೆ? ಮನುಷ್ಯನಿಗೆ ಅತ್ಯಂತ ಪ್ರಿಯವಾದ ನೆನಪಿನ ರೂಪದಲ್ಲಿ ಸಾವು ಬರುತ್ತದೆ ಎಂಬುದು ವೇಯ ಕಲ್ಪನೆ. ಈ ರೋಗಿಗೆ ಅದು ಚಿಕ್ಕಂದಿನಲ್ಲಿ ಅಪ್ಪನ ಜೊತೆ ನೋಡಿದ ಒಂದು ಮೆರವಣಿಗೆ. ಹದಿನಾರರ ಹುಡುಗರು ಇದನ್ನು ಸಾವಿನ ಕಥೆಯೆಂದು ಕೇಳಿದರು. ಮೂವತ್ತೆರಡರಲ್ಲಿ ಕೇಳಿದಾಗ ಇದು ನೆನಪಿನ ಕಥೆಯೂ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಸಾವಿನ ಕಥೆಯೆಂಬುದೇ ತಂದೆತಾಯಿಗಳನ್ನು ಹೆದರಿಸಿತು. 2007ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ 13 ವರ್ಷದ ಬಾಲಕಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಕೆ ಈ ತಂಡದ ಅಭಿಮಾನಿಯಾಗಿದ್ದಳು. ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ಎಮೋ ಎಂಬುದು ಮಕ್ಕಳನ್ನು ಸಾವಿಗೆ ಸೆಳೆಯುವ ಪಂಥ ಎನ್ನುವ ಧಾಟಿಯಲ್ಲಿ ಬರೆಯಿತು. 2008ರ ಮೇ 31ರಂದು ಆ ಪತ್ರಿಕೆಯ ಕಚೇರಿಯೆದುರು ಹದಿಹರೆಯದ ಅಭಿಮಾನಿಗಳು ಕಪ್ಪುಡುಗೆ ತೊಟ್ಟು ಪ್ರತಿಭಟನೆ ನಡೆಸಿದರು. ಕೆಲವರ ತಾಯಂದಿರೂ ಜೊತೆಗಿದ್ದರು. ತಾವು ಹಿಂಸೆಗೂ ಆತ್ಮಹತ್ಯೆಗೂ ವಿರೋಧಿಗಳೆಂದು ತಂಡ ಹೇಳಿಕೆ ಕೊಟ್ಟಿತು. ಮಗು ಕಳೆದುಕೊಂಡ ಮನೆಯವರ ಸಂಕಟದ ಮುಂದೆ ಯಾರ ವಾದವೂ ದೊಡ್ಡದಲ್ಲ. ಆದರೆ ದುಃಖವನ್ನು ಹಾಡುವುದು ಬೇರೆ, ದುಃಖವನ್ನು ಹಂಚುವುದು ಬೇರೆ. ನಮ್ಮ ಜನಪದದಲ್ಲಿ ಅತ್ತು ಹಾಡುವ ಹೆಂಗಸರನ್ನು ಕಂಡವರಿಗೆ ಈ ವ್ಯತ್ಯಾಸ ಹೊಸತಲ್ಲ.

ಇಂಗ್ಲೆಂಡಿನಲ್ಲಿ ಮಾತಿನಲ್ಲೇ ಮುಗಿದದ್ದು ಬೇರೆ ಕಡೆ ಮೈಮೇಲೆ ಬಂತು. ಅದೇ ವರ್ಷದ ಮಾರ್ಚ್ 7ರಂದು ಮೆಕ್ಸಿಕೋದ ಕೆರೆತಾರೊ ನಗರದ ಚೌಕದಲ್ಲಿ ನೂರಾರು ಹುಡುಗರ ಗುಂಪು ಸೇರಿ, ಎಮೋ ವೇಷದ ಎಳೆಯರನ್ನು ಹುಡುಕಿ ಹುಡುಕಿ ಥಳಿಸಿತು. ಗಂಡುಹುಡುಗರು ಹೆಣ್ಣಿನಂತೆ ಕಾಣುತ್ತಾರೆ ಎಂಬುದು ದೊಡ್ಡ ಅಪರಾಧವಾಗಿತ್ತು. ನಮ್ಮಲ್ಲಿ ಮಗುವಿಗೆ ದೃಷ್ಟಿಯಾಗದಿರಲೆಂದು ಕಾಡಿಗೆಯ ಬೊಟ್ಟಿಡುತ್ತೇವೆ. ಅಲ್ಲಿ ಕಾಡಿಗೆಯೇ ಕೆಟ್ಟ ಕಣ್ಣನ್ನು ಕರೆದು ತಂದಿತು. ಪೆಟ್ಟು ತಿಂದವರು ಮನೆಯಲ್ಲಿ ಅಡಗಲಿಲ್ಲ, ಮೆಕ್ಸಿಕೋದ ನಗರಗಳಲ್ಲಿ ಮೆರವಣಿಗೆ ಮಾಡಿದರು. ರಷ್ಯಾದ ಸಂಸತ್ತಿನಲ್ಲಿ ಎಮೋ ಉಡುಪನ್ನು ಶಾಲೆಗಳಿಂದ ದೂರವಿಡುವ ಪ್ರಸ್ತಾಪ ಬಂದದ್ದೂ 2008ರಲ್ಲೇ. ಎಲ್ಲಕ್ಕಿಂತ ಘೋರವಾದದ್ದು ಇರಾಕ್‌ನಲ್ಲಿ. 2012ರ ಫೆಬ್ರುವರಿಯಲ್ಲಿ ಅಲ್ಲಿನ ಗೃಹಖಾತೆ ಎಮೋವನ್ನು ಸೈತಾನನ ಆರಾಧನೆಯೆಂದು ಕರೆಯಿತು. ಅದೇ ಹೊತ್ತಿಗೆ ಬಾಗ್ದಾದಿನಲ್ಲಿ ಬಿಗಿ ಜೀನ್ಸು, ಉದ್ದ ಕೂದಲಿನ ಹುಡುಗರನ್ನು ಹಿಡಿದು ಕೊಂದ ವರದಿಗಳು ಹೊರಬಂದು ಮಾನವ ಹಕ್ಕು ಸಂಘಟನೆಗಳು ಜಗತ್ತಿನ ಗಮನ ಸೆಳೆದವು. ಆ ಹುಡುಗರಲ್ಲಿ ಎಷ್ಟು ಮಂದಿ ಈ ಸಂಗೀತ ಕೇಳಿದ್ದರೋ! ಒಂದು ಬಗೆಯ ಕೂದಲು, ಒಂದು ಬಗೆಯ ನಡಿಗೆ ಸಾಕಾಗಿತ್ತು.

ಹದಿಹರೆಯದ ನೋವನ್ನು ನಗುವುದು ಸುಲಭ. ಅನ್ನ ಬಟ್ಟೆಗೆ ಕೊರತೆಯಿಲ್ಲದ ಮಕ್ಕಳ ಕೊರಗು ಎಂದು ಅಮೆರಿಕದಲ್ಲಿಯೂ ಜನ ನಕ್ಕರು. ಈ ನಗೆಯಲ್ಲಿ ಒಂದಿಷ್ಟು ಸತ್ಯ ಇಲ್ಲದಿಲ್ಲ. ಎಮೋ ಹಾಡುಗಳ ದೊಡ್ಡ ದೋಷವನ್ನು ತೋರಿಸಿದವರು ಮಾತ್ರ ಹೊರಗಿನವರಲ್ಲ, ಒಳಗಿನ ಹೆಣ್ಣುಮಕ್ಕಳು. ಜೆಸ್ಸಿಕಾ ಹಾಪರ್ ಎಂಬ ವಿಮರ್ಶಕಿ 2003ರಲ್ಲಿ ಪಂಕ್ ಪ್ಲಾನೆಟ್ ಎಂಬ ಪತ್ರಿಕೆಯಲ್ಲಿ ಬರೆದ ಲೇಖನ ಇಂದಿಗೂ ಚರ್ಚೆಯಲ್ಲಿದೆ. ಈ ಹಾಡುಗಳಲ್ಲಿ ಹುಡುಗನಿಗೆ ಮನಸ್ಸಿದೆ, ಗಾಯವಿದೆ, ಹೆಸರಿದೆ; ಹುಡುಗಿ ಮಾತ್ರ ಅವನನ್ನು ಗಾಯಗೊಳಿಸಲಿಕ್ಕಾಗಿ ಬಂದುಹೋಗುವ ಒಂದು ನೆರಳು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ನಿಂತ ಹುಡುಗಿಯರು ತಮ್ಮದೇ ದೂಷಣೆಯನ್ನು ಬಾಯಿಪಾಠ ಮಾಡಿ ಹಾಡುತ್ತಿದ್ದಾರೆ ಎಂಬುದು ಆಕೆಯ ವಾದದ ತಿರುಳು. 2017ರ ಸುಮಾರಿಗೆ ಕೆಲವು ತಂಡಗಳವರ ಮೇಲೆ ಎಳೆಯ ಅಭಿಮಾನಿಗಳೊಡನೆ ಅನುಚಿತವಾಗಿ ನಡೆದುಕೊಂಡ ಆರೋಪಗಳು ಬಂದಾಗ ಆ ಲೇಖನವನ್ನು ಮತ್ತೆ ತೆಗೆದು ಓದಿದವರು ಹಲವರು.

ಆದ್ದರಿಂದ ಪ್ಯಾರಾಮೋರ್‌ನ ಗಾಯಕಿ ಹೇಲಿ ವಿಲಿಯಮ್ಸ್ ಲಾಸ್ ವೇಗಾಸ್‌ನ ಭಿತ್ತಿಪತ್ರದ ನೆತ್ತಿಯಲ್ಲಿದ್ದದ್ದು ಸಣ್ಣ ಸಂಗತಿಯಲ್ಲ. 1988ರಲ್ಲಿ ಹುಟ್ಟಿ ಹದಿನೈದರ ಆಸುಪಾಸಿನಲ್ಲೇ ದೊಡ್ಡ ಕಂಪನಿಯೊಡನೆ ಕರಾರು ಮಾಡಿಕೊಂಡವಳು. 2007ರ ಅವಳ ಬಹುಪ್ರಸಿದ್ಧ ಹಾಡು 'ಮಿಸರಿ ಬಿಸಿನೆಸ್' ಇನ್ನೊಬ್ಬ ಹುಡುಗಿಯನ್ನು ಹೀನಾಯವಾಗಿ ಬೈಯುತ್ತದೆ. ಬರೆದಾಗ ತಾನು ಶಾಲೆಯ ಹುಡುಗಿ, ಈಗ ಅದನ್ನು ಹಾಡಲು ಮನಸ್ಸೊಪ್ಪದು ಎಂದು 2018ರಲ್ಲಿ ಅದನ್ನು ಕೈಬಿಟ್ಟಳು. ನಾಲ್ಕು ವರ್ಷಗಳ ನಂತರ ಅಭಿಮಾನಿಗಳ ಒತ್ತಾಯಕ್ಕೆ ಮತ್ತೆ ಎತ್ತಿಕೊಂಡಳು. ಉತ್ಸವದ ವೇದಿಕೆಯಲ್ಲಿ ಆಕೆ ಬರಿಯ ಸಿಹಿನೆನಪು ಹಂಚಲಿಲ್ಲ. ಗಂಡುಹುಡುಗರದೇ ಆಗಿದ್ದ ಈ ಲೋಕದಲ್ಲಿ ಹೆಣ್ಣಾಗಿ ಬೆಳೆಯುವುದು ಎಷ್ಟು ಕಷ್ಟವಿತ್ತೆಂದು ಬಿಚ್ಚಿ ಹೇಳಿದಳು. ಹಳೆಯ ದಿನಗಳನ್ನು ಕೊಂಡಾಡಲು ಸೇರಿದ ಸಭೆಯಲ್ಲಿ ಹಾಗೆ ಹೇಳಲು ಎದೆಗಾರಿಕೆ ಬೇಕು.

ಹಳಹಳಿಕೆ ಎಂದು ನಾವು ಹೇಳುವ ಈ ಭಾವಕ್ಕೆ ಪಶ್ಚಿಮದವರು ಕೊಟ್ಟ ಹೆಸರು ನಾಸ್ಟಾಲ್ಜಿಯಾ. ಈ ಶಬ್ದ ಕವಿಯೊಬ್ಬ ಹುಟ್ಟಿಸಿದ್ದಲ್ಲ. 1688ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಎರಡು ಗ್ರೀಕ್ ಮಾತುಗಳನ್ನು ಜೋಡಿಸಿದ: ಮನೆಗೆ ಮರಳುವುದು, ನೋವು. ಅವನ ಪಾಲಿಗೆ ಅದೊಂದು ರೋಗ. ದೂರ ದೇಶದಲ್ಲಿ ಸಿಕ್ಕಿಬಿದ್ದ ಸ್ವಿಸ್ ಜನರನ್ನು ಕೃಶಗೊಳಿಸಿ ಕೊಲ್ಲಬಲ್ಲ ರೋಗ. ಮದ್ದು ಒಂದೇ, ಊರಿಗೆ ಕಳಿಸುವುದು. ಮುಂದೆ ಈ ರೋಗ ದೇಶದಿಂದ ಕಾಲಕ್ಕೆ ಹರಡಿತು. ಬಿಟ್ಟುಬಂದ ಊರಿಗಾದರೆ ಬಂಡಿ ಹತ್ತಿ ಹೋಗಬಹುದು. ಬಿಟ್ಟುಬಂದ ವಯಸ್ಸಿಗೆ ಟಿಕೆಟ್ ಎಲ್ಲಿ ಸಿಗುತ್ತದೆ?

ಸಿಗುತ್ತದೆ ಎಂದವರು ಸಂಗೀತದ ವ್ಯಾಪಾರಿಗಳು. ಇದು ಲಾಸ್ ವೇಗಾಸ್‌ನಲ್ಲಿ ಹೊಸದಾಗಿ ಕಂಡುಹಿಡಿದ ಉಪಾಯವಲ್ಲ. ವುಡ್‌ಸ್ಟಾಕ್ ನಡೆದು ಎರಡು ತಿಂಗಳಾಗಿತ್ತಷ್ಟೆ, 1969ರ ಅಕ್ಟೋಬರ್‌ನಲ್ಲಿ ರಿಚರ್ಡ್ ನೇಡರ್ ಎಂಬಾತ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 1950ರ ದಶಕದ ರಾಕ್ ಗಾಯಕರನ್ನು ಕೂಡಿಸಿ ಪುನರುಜ್ಜೀವನದ ಕಛೇರಿ ನಡೆಸಿದ. 1971ರಲ್ಲಿ ಅಂಥದೇ ಕಛೇರಿಗೆ ಬಂದ ರಿಕ್ ನೆಲ್ಸನ್ ಹಳೆಯ ಹಾಡುಗಳ ಜೊತೆ ಹೊಸ ಧಾಟಿಯ ಹಾಡನ್ನೂ ಎತ್ತಿಕೊಂಡಾಗ ಸಭೆಯಿಂದ ಕೂಗು ಕೇಳಿಬಂತು. ಅವನು ಬೇಸತ್ತು ವೇದಿಕೆ ಬಿಟ್ಟ. ಮರುವರ್ಷ ಅದೇ ಅನುಭವವನ್ನು 'ಗಾರ್ಡನ್ ಪಾರ್ಟಿ' ಎಂಬ ಹಾಡಾಗಿಸಿ ಮತ್ತೆ ಗೆದ್ದ. 2016ರಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯೋದಲ್ಲಿ ಡೆಸರ್ಟ್ ಟ್ರಿಪ್ ಎಂಬ ಉತ್ಸವ ಬಾಬ್ ಡಿಲನ್, ರೋಲಿಂಗ್ ಸ್ಟೋನ್ಸ್, ಪಾಲ್ ಮೆಕಾರ್ಟ್ನಿ ಮುಂತಾದ ಎಪ್ಪತ್ತರ ಹರೆಯದವರನ್ನು ಕರೆಸಿ ಕೋಟಿಗಟ್ಟಲೆ ಡಾಲರ್ ಗಳಿಸಿತು. ಆ ಸರದಿಯಲ್ಲಿ ಎಮೋ ಪೀಳಿಗೆ ಮುಂದಿನದು, ಅಷ್ಟೆ. 2005ರಲ್ಲಿ ಹದಿನೈದರವನಿಗೆ 2022ರಲ್ಲಿ ಮೂವತ್ತೆರಡು. ಕೈಯಲ್ಲಿ ಸಂಬಳವಿದೆ. ಕೊರೋನಾ ಎರಡು ವರ್ಷ ಸಭಾಂಗಣಗಳನ್ನು ಮುಚ್ಚಿಸಿತ್ತು. 2013ರಲ್ಲಿ ಒಡೆದು 2019ರಲ್ಲಿ ಕೂಡಿದ್ದ ಮೈ ಕೆಮಿಕಲ್ ರೊಮ್ಯಾನ್ಸ್‌ನ ಸಂಚಾರವೇ 2020ರಿಂದ 2022ಕ್ಕೆ ಜಾರಿತ್ತು. ತಂಡಗಳಿಗೂ ಇದು ಬೇಕಿತ್ತು. ಹಾಡುಗಳು ಅಂತರಜಾಲದಲ್ಲಿ ಬಿಡಿಗಾಸಿಗೆ ಹರಿಯುವ ಕಾಲದಲ್ಲಿ ಸಂಗೀತಗಾರನ ಹೊಟ್ಟೆ ತುಂಬುವುದು ವೇದಿಕೆಯಿಂದ.

ಆದರೆ ಹಿಂದಿನ ಪುನರುಜ್ಜೀವನಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ ಎಂದು ನನಗೆ ತೋರುತ್ತದೆ. ಐವತ್ತರ ದಶಕದ ಹಾಡುಗಳನ್ನು ಮತ್ತೆ ಕೇಳಲು ಹೋದವರು ತಮ್ಮ ಸುಖದ ದಿನಗಳನ್ನು ಹುಡುಕಿ ಹೋದರು. ಎಮೋ ಅಭಿಮಾನಿಗಳು ಹುಡುಕಿಕೊಂಡು ಹೋದದ್ದು ದುಃಖದ ದಿನಗಳನ್ನು. ಯಾರೂ ಮಾತಾಡಿಸದ ಊಟದ ಬಿಡುವು, ಒಡೆದ ಸಂಸಾರಗಳು, ಬಾಗಿಲು ಹಾಕಿಕೊಂಡು ಕೇಳಿದ ಹಾಡು. ಅಂದು ಒಬ್ಬೊಬ್ಬರೇ ಕುಳಿತು ಕೇಳಿದ್ದನ್ನು, ಕೇಳಿದ್ದಕ್ಕಾಗಿ ನಗೆಗೀಡಾದದ್ದನ್ನು, ಈಗ ಹತ್ತಾರು ಸಾವಿರ ಕೊರಳುಗಳ ಜೊತೆ ಬಯಲಿನಲ್ಲಿ ಗಟ್ಟಿಯಾಗಿ ಹಾಡಬಹುದು. ಇದಕ್ಕೆ 225 ಡಾಲರ್ ಹೆಚ್ಚಾಯಿತೇ ಎಂಬ ಪ್ರಶ್ನೆಯನ್ನು ಕೊಟ್ಟವರೇ ನಿರ್ಧರಿಸಲಿ. ಹೆಚ್ಚಾಯಿತು ಎಂದು ಮೆಕಾಯ್ ಕಾಲದವರು ಹೇಳಿದರೆ ಅದನ್ನು ಅಲ್ಲಗಳೆಯಲೂ ಆಗದು. ಟಿಕೆಟ್ ಮಾರುಕಟ್ಟೆಯ ಮೇಲೆ ಏಕಸ್ವಾಮ್ಯ ಸಾಧಿಸಿದ ಆರೋಪ ಹೊರಿಸಿ ಅಮೆರಿಕದ ನ್ಯಾಯ ಇಲಾಖೆ 2024ರಲ್ಲಿ ಲೈವ್ ನೇಷನ್ ಮೇಲೆ ಮೊಕದ್ದಮೆ ಹೂಡಿತೆಂಬುದನ್ನೂ ಇಲ್ಲಿ ಹೇಳಬೇಕು.

ಗಾಳಿ ಇಳಿದ ಮೇಲೆ ಅಕ್ಟೋಬರ್ 23ರ ಭಾನುವಾರ ಉತ್ಸವ ನಡೆಯಿತು. ಅಕ್ಕಪಕ್ಕದಲ್ಲಿ ಎರಡು ದೊಡ್ಡ ವೇದಿಕೆ. ಒಂದರಲ್ಲಿ ಹಾಡು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು. ಉಸಿರಾಡಲು ಬಿಡುವಿಲ್ಲ. ರಾತ್ರಿ ಮೈ ಕೆಮಿಕಲ್ ರೊಮ್ಯಾನ್ಸ್ ರಂಗಕ್ಕೆ ಬಂದಾಗ ಜನ ಒಂದು ಗಳಿಗೆ ಕಣ್ಣುಜ್ಜಿಕೊಂಡರು. ತಂಡದವರು ಹಣ್ಣು ಹಣ್ಣು ಮುದುಕರು! ಸುಕ್ಕುಗಟ್ಟಿದ ಮುಖ, ನರೆತ ಕೂದಲು, ಎಲ್ಲ ಬಣ್ಣದ ಕೈಚಳಕ. ನಲವತ್ತರ ಆಚೀಚೆ ಇದ್ದವರು ಎಂಬತ್ತರ ವೇಷ ಹಾಕಿ, ಹದಿನೈದರ ವೇಷ ಹಾಕಿ ನಿಂತ ಮೂವತ್ತರವರ ಮುಂದೆ ಹಾಡಿದರು. ಇಡೀ ಉತ್ಸವದ ಬಗ್ಗೆ ಬಂದ ಟೀಕೆಗಳಲ್ಲಿ ಇದಕ್ಕಿಂತ ಚುರುಕಾದದ್ದನ್ನು ನಾನು ಕಂಡಿಲ್ಲ. ಟೀಕೆ ಮಾಡಿದವರು ಸಂಭಾವನೆ ಪಡೆದು ವೇದಿಕೆಯ ಮೇಲಿದ್ದರು ಎಂಬುದು ಬೇರೆ ಮಾತು.

2023ರಲ್ಲಿ ಬ್ಲಿಂಕ್-182 ಮತ್ತು ಗ್ರೀನ್ ಡೇ ಮುಖ್ಯ ತಂಡಗಳಾಗಿ ಬಂದವು. 2024ರಲ್ಲಿ ಬಿಡಿ ಹಾಡುಗಳ ಬದಲು ತಂಡಗಳು ತಮ್ಮ ಒಂದೊಂದು ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದವು. 'ದ ಬ್ಲ್ಯಾಕ್ ಪರೇಡ್' ಹಾಗೆ ಇಡಿಯಾಗಿ ಮೈದಾನಕ್ಕೆ ಇಳಿಯಿತು. 2025ರಲ್ಲಿ, ಎರಡು ವರ್ಷ ಮುಂಚೆ ಮುಗಿಯಿತೆಂದು ಸಾರಿದ್ದ ಪ್ಯಾನಿಕ್! ಅಟ್ ದ ಡಿಸ್ಕೋ ತನ್ನ ಹುಟ್ಟೂರಾದ ಇದೇ ಲಾಸ್ ವೇಗಾಸ್‌ನಲ್ಲಿ ಎದ್ದು ನಿಂತಿತು. ಅದೇ ವರ್ಷ ವಾರ್ಪ್ಡ್ ಟೂರ್ ಕೂಡ ಮೂವತ್ತರ ನೆಪದಲ್ಲಿ ಮೂರು ನಗರಗಳಲ್ಲಿ ಮರಳಿತು. ಮೊದಲ ನಗರ ವಾಷಿಂಗ್ಟನ್.

ಇನ್ನು ಅರ್ಬಾನಾದ ಆ ಮೂವರು. ಅಮೆರಿಕನ್ ಫುಟ್‌ಬಾಲ್‌ನ 1999ರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಒಂದು ಸಾಮಾನ್ಯ ಬಿಳಿ ಮನೆಯ ಚಿತ್ರವಿದೆ; ರಾತ್ರಿ ಹೊತ್ತು, ಮಹಡಿಯ ಕಿಟಕಿಯೊಂದರಲ್ಲಿ ದೀಪ. ತಂಡ ಇಲ್ಲದ ವರ್ಷಗಳಲ್ಲಿ ಆ ಹಾಡುಗಳು ಅಂತರಜಾಲದಲ್ಲಿ ಕೈಯಿಂದ ಕೈಗೆ ದಾಟಿ, 2014ರಲ್ಲಿ ತಂಡ ಮತ್ತೆ ಕೂಡಿದಾಗ ಕಛೇರಿಗಳು ತುಂಬಿದವು. ಜನ ಆ ಮನೆಯನ್ನು ಹುಡುಕಿಕೊಂಡು ಹೋಗಿ ಎದುರಿನ ರಸ್ತೆಯಲ್ಲಿ ನಿಂತು, ಹೊದಿಕೆಯ ಮೇಲಿನ ಕೋನದಲ್ಲೇ ಚಿತ್ರ ತೆಗೆದುಕೊಳ್ಳತೊಡಗಿದರು. 2023ರಲ್ಲಿ ತಂಡದವರೂ ಅವರ ಧ್ವನಿಮುದ್ರಣ ಸಂಸ್ಥೆಯೂ ಕೆಲವು ಗೆಳೆಯರೂ ಸೇರಿ, ಯಾರಾದರೂ ಕೆಡವಿಯಾರೆಂದು ಆ ಮನೆಯನ್ನೇ ಕೊಂಡುಬಿಟ್ಟರು.